ಅಖಾಡ ಟಿವಿಯ ಅಳಿದುಳಿದ ವೀಕ್ಷಕರು

ಇದು ನಡೆದ ಕತೆ. ನಂಬಿಕೆ ಬಾರದಿದ್ದರೆ ಪುಣೆಯ ಶಿವಾಜಿನಗರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಭುಜಂಗ ಭವನದಲ್ಲಿ ಯಾರನ್ನಾದರೂ ಕೇಳಿ. ಅಲ್ಲಿಯವರು ಇದನ್ನೇ ಇನ್ನೂ ನಾಲ್ಕು ಸುಳ್ಳು ಸೇರಿಸಿ ಹೇಳುತ್ತಾರೆ. ಇಲ್ಲಿ ಎರಡೇ ಸೇರಿಸಿದೆ, ಆದ್ದರಿಂದ ಇದೇ ಹೆಚ್ಚು ನಿಜ.

ರಿತೇಶನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಟೋಟಗಳ ಚಾನೆಲ್ ಅಖಾಡ ಟಿವಿಯಲ್ಲಿ ಅವನ ಕೆಲಸವೆಂದರೆ ಜನ ಎಲ್ಲಿ ಕೂತು, ಎಷ್ಟು ಹೊತ್ತು ಆಟ ನೋಡುತ್ತಾರೆ ಎಂದು ಲೆಕ್ಕ ಹಾಕುವುದು. ಜನ ಎದ್ದು ಹೋಗಿದ್ದರು. ಕೂತಿದ್ದವನು ಅವನೊಬ್ಬನೇ, ಅವನಿಗೂ ಈಗ ಕುರ್ಚಿ ಚುಚ್ಚುತ್ತಿತ್ತು.

ಒಂದು ಕಾಲಕ್ಕೆ ಆಟ ಎಂದರೆ ಅಖಾಡ. ಕ್ಷೌರದಂಗಡಿಯವನು ಒಂದು ಕೆನ್ನೆ ಬೋಳಿಸಿ, ಇನ್ನೊಂದು ಕೆನ್ನೆಗೆ ಓವರ್ ಮುಗಿಯಲಿ ಎನ್ನುತ್ತಿದ್ದ. ಗಿರಾಕಿಯೂ ಹೂಂ ಎನ್ನುತ್ತಿದ್ದ, ಏಕೆಂದರೆ ಅವನ ಕಣ್ಣೂ ಅಲ್ಲೇ ಇರುತ್ತಿತ್ತು. ಈಗ ಆ ಅಖಾಡ ಚಾಲ್ತಿಯಿಂದ ಚಾಪೆಗೆ ಇಳಿದಿತ್ತು. ಯಾಕೆ ಎಂದು ಆಫೀಸಿನಲ್ಲಿ ಪ್ರತಿ ಸೋಮವಾರ ಚರ್ಚೆ. ಮೊಬೈಲಿನ ದೋಷ ಎಂದರು ಕೆಲವರು. ಹುಡುಗರ ದೋಷ ಎಂದರು. ಸಭೆಯ ಬಿಸ್ಕೀಟು ಮುಗಿಯುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ.

ರಿತೇಶನ ಸಂಕಟ ಬೇರೆಯೇ. ಅಖಾಡದಲ್ಲಿ ಕನ್ನಡ ಕಾಮೆಂಟರಿ ಬೇಕು ಎಂದು ಹಟ ಹಿಡಿದು ಶುರು ಮಾಡಿಸಿದವನು ಅವನೇ. ತಲೆಮಾರಿನಿಂದ ಪುಣೆಯಲ್ಲಿ ಹೋಟೆಲು ನಡೆಸುವ ಕರಾವಳಿಯವರು ಕೇಳುತ್ತಾರೆ, ಕಟ್ಟಡಗಳಲ್ಲಿ ದುಡಿಯುವ ಕಲಬುರಗಿ, ಯಾದಗಿರಿ ಕಡೆಯವರು ಕೇಳುತ್ತಾರೆ ಎಂದು ಅಂದು ಮೇಜು ಗುದ್ದಿ ಹೇಳಿದ್ದ. ಈಗ ಮುಖ್ಯಸ್ಥೆ ನೀರಜಾ ಅದೇ ಮೇಜಿನ ಆಚೆ ಕೂತಿದ್ದರು.

"ರಿತೇಶ್, ನಂಗೆ ಚಾರ್ಟ್ ಬೇಡ. ನಮ್ಮ ಕನ್ನಡ ಕಾಮೆಂಟರೀನ ಜನ ಕೂತ್ಕೊಂಡು ಕೇಳೋ ಒಂದೇ ಒಂದು ಜಾಗ ತೋರಿಸಿ. ಒಂದು ಸಾಕು. ಇಲ್ಲಾಂದ್ರೆ ಈ ಸೀರೀಸ್ ಮುಗಿದ ತಕ್ಷಣ ಕ್ಲೋಸ್ ಮಾಡ್ತೀನಿ. ಆ ಟೀಮೂ ಹೋಗತ್ತೆ, ನೀವೂ ಅದರ ಜೊತೆಗೇ ಅಂತ ಬಿಡಿಸಿ ಹೇಳಬೇಕಾ?"

ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಮರುದಿನ ಪಂದ್ಯ ಅರ್ಧ ದಾಟುತ್ತಿದ್ದಂತೆ ರಿತೇಶ ಭುಜಂಗ ಭವನಕ್ಕೆ ಓಡಿದ.

ಅದಕ್ಕೂ ಕಾರಣವಿತ್ತು. ಹೋಟೆಲಿನ ಮಾಲೀಕ ಭುಜಂಗ ಶೆಟ್ಟರು ಅವನ ಅಪ್ಪನ ಸ್ನೇಹಿತರು. ಅವರ ಟಿವಿಯಲ್ಲಿ ಅಖಾಡ ಬಿಟ್ಟು ಬೇರೆ ಏನೂ ಹಾಕಿದ್ದಿಲ್ಲ, ಅದೂ ಕನ್ನಡದಲ್ಲೇ. ಊಟದ ಹೊತ್ತು. ಒಳಗೆ ಕಾಲಿಡಲು ಜಾಗವಿಲ್ಲ. ರಿತೇಶ ಟಿವಿಗೆ ಎದುರಾಗಿ ಒಂದು ಕುರ್ಚಿ ಹಿಡಿದ. ಊಟದ ಟೋಕನ್ ಕೂಗುವ ಕೌಂಟರು ಅವನ ಬೆನ್ನ ಹಿಂದೆ ಉಳಿಯಿತು.

ತಲೆ ಎತ್ತಿ ನೋಡಿದ. ಇಡೀ ಹೋಟೆಲು ಟಿವಿಯ ಕಡೆ ಮುಖ ಮಾಡಿತ್ತು! ಕತ್ತು ಕೊಕ್ಕರೆಯ ಹಾಗೆ ಚಾಚಿದವರು, ನೀರಿನ ಲೋಟ ಬಾಯಿಗಿಟ್ಟೇ ಮೇಲೆ ನೋಡುತ್ತಿದ್ದವರು. ರಿತೇಶ ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದ.

"ಏನ್ರೀ ಸಾಹೇಬ್ರ, ನಮ್ಮನ್ಯಾಕ ಫೋಟೋ ಹಿಡೀಲಾಕತ್ತೀರಿ?" ಎಂದ ಬಲಗಡೆ ಕೂತವನು. ಅಂಗಿಯ ತೋಳಿನ ಮೇಲೆ ಒಣಗಿದ ಸಿಮೆಂಟು. ಹೆಸರು ಅವ್ವಣ್ಣ, ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಗೌಂಡಿ.

"ನಾನು ಅಖಾಡ ಟಿವಿಯವನು. ನೀವೆಲ್ಲ ಎಷ್ಟು ಗಮನ ಇಟ್ಟು ನೋಡ್ತಾ ಇದ್ದೀರಿ ಅಂತ..."

"ನಾ ನಂಬರ್ ನೋಡ್ಲಾಕತ್ತೀನ್ರೀ."

"ಸ್ಕೋರಾ?"

"ಊಟದ್ದು." ಅವ್ವಣ್ಣ ಬೆರಳು ತೋರಿಸಿದ. ಟಿವಿಯ ಸರಿ ಕೆಳಗೆ ಕೆಂಪು ಅಕ್ಷರದ ಟೋಕನ್ ಬೋರ್ಡು. ನಂಬರು ಬದಲಾಯಿತು. ಅರ್ಧ ಹೋಟೆಲು ನಿಟ್ಟುಸಿರು ಬಿಟ್ಟಿತು, ಒಬ್ಬ ಎದ್ದು ತಟ್ಟೆ ತರಲು ಓಡಿದ. "ನಮ್ಮ ಟಿಆರ್‌ಪಿ ಅಂದ್ರ ತಿಂಡಿ, ರೊಟ್ಟಿ, ಪಲ್ಯ ರೀ ಸಾಹೇಬ್ರ."

ರಿತೇಶ ವಿಡಿಯೋ ಅಳಿಸಿದ. ಎದ್ದು ಹೋಗುವುದೋ ದೋಸೆ ತಿಂದು ಹೋಗುವುದೋ ಎಂಬ ಸ್ಥಿತಿಯಲ್ಲಿ ಅರ್ಧ ಎದ್ದು ಅರ್ಧ ಕೂತಿದ್ದಾಗ, ಟಿವಿಯ ಪಕ್ಕದ ಸ್ಪೀಕರಿನಿಂದ ಆ ದನಿ ಬಂತು. ಅಖಾಡದ ಹೆಸರಾಂತ ಕನ್ನಡ ಕಾಮೆಂಟೇಟರ್ ಪುನೀತನ ದನಿ. ಮೂಗಿನಿಂದ ಹೊರಟು, ಗಂಟಲಿನಲ್ಲಿ ಒಮ್ಮೆ ಉರುಳಿ ಬರುವ ಆ ದನಿ ಯಾರಿಗೆ ಗೊತ್ತಿಲ್ಲ?

"ಅಬ್ಬಬ್ಬಬ್ಬಾ! ಚೆಂಡನ್ನು ಬ್ಯಾಟು ಕೇಳಿತು, ಎಲ್ಲಿಗೆ ಸವಾರಿ? ಚೆಂಡು ಹೇಳಿತು, ಸ್ವಾರ್ಗೇಟಿಗೆ! ಫೀಲ್ಡರ್ ಓಡುತ್ತಿದ್ದಾನೆ ನೋಡಿ, ಸಿಟಿ ಬಸ್ಸಿನ ಹಿಂದೆ ಓಡಿದ ಹಾಗೆ. ಸಿಗಲಿಲ್ಲ! ನಾಲ್ಕು ರನ್. ಇನ್ನು ಎಪ್ಪತ್ತೆರಡು ಬೇಕು, ಕೈಯಲ್ಲಿ ಐದು ವಿಕೆಟ್, ತಲೆಯ ಮೇಲೆ ಬಿಸಿಲು."

ಹೋಟೆಲು ಗೊಳ್ಳೆಂದಿತು. ಕೈ ತೊಳೆದವರು ಬಾಗಿಲಲ್ಲೇ ನಿಂತರು. ಅವ್ವಣ್ಣನ ನಂಬರು ಬೋರ್ಡಿಗೆ ಬಂದು ಹೋಯಿತು, ಅವನು ನೋಡಲೇ ಇಲ್ಲ.

ಕಣ್ಣು ಹೋದರೆ ಹೋಗಲಿ, ಕಿವಿ ಸಿಕ್ಕಿತು ಎಂದುಕೊಂಡ ರಿತೇಶ. ಸ್ವಾರ್ಗೇಟು ಅಂತೆ! ಪುಣೆಯ ಕೇಳುಗರಿಗಾಗಿ ಪುಣೆಯ ಮಾತು! ಪುನೀತ ಇಷ್ಟು ಜಾಣ ಎಂದು ಯಾರೂ ತನಗೆ ಹೇಳಲೇ ಇಲ್ಲವಲ್ಲ. ಅಲ್ಲಿಂದಲೇ ನೀರಜಾಗೆ ಫೋನ್ ಹಚ್ಚಿದ. "ಮೇಡಂ, ಜಾಗ ಸಿಕ್ಕಿತು. ಗುರುವಾರದ ಮ್ಯಾಚಿಗೆ ನೀವೇ ಬನ್ನಿ, ಜನ ಕಿವಿಗೊಟ್ಟು ಕೂತಿದ್ದಾರೆ. ಎಂಗೇಜ್‌ಮೆಂಟ್ ಭಾರೀ ಉಂಟು!"

ಹೊರಡುವಾಗ ಗಲ್ಲಾದಲ್ಲಿದ್ದ ಭುಜಂಗ ಶೆಟ್ಟರು ಅವನ ತೋಳು ಹಿಡಿದರು. "ರಿತೇಶ, ನಿಲ್ಲು ಮಾರಾಯ. ಒಂದು ವಿಷಯ ಹೇಳ್ಲಿಕ್ಕುಂಟು."

"ಗುರುವಾರ ಹೇಳಿ ಮಾಮ. ನಮ್ಮ ದೊಡ್ಡ ಮೇಡಮ್ಮನ್ನೇ ಕರ್ಕೊಂಡು ಬರ್ತೇನೆ."

"ಅಯ್ಯೋ, ಅವರನ್ನೂ ಯಾಕೆ? ನಮ್ಮ ಅಶ್ವಿತ್ ಉಂಟಲ್ಲ, ಅವನು..."

"ಅವನು ನಮ್ಮ ಚಾನೆಲಿನ ಫ್ಯಾನ್ ಅಂತ ಗೊತ್ತಾಯ್ತು ಬಿಡಿ!"

ಅಶ್ವಿತ್ ಎಂದರೆ ಶೆಟ್ಟರ ಸೋದರಳಿಯ, ಎಂ.ಎ. ಮುಗಿಸಿ ಟೋಕನ್ ಕೌಂಟರಿನಲ್ಲಿ ಮೈಕು ಹಿಡಿದು ನಿಂತವನು. ಅವನು ಕೌಂಟರಿನಿಂದಲೇ ಬಹಳ ವಿನಯದಿಂದ ಕೈ ಮುಗಿದ. "ಬನ್ನಿ ರಿತೇಶಣ್ಣ, ಖಂಡಿತ ಕರ್ಕೊಂಡು ಬನ್ನಿ. ಅಖಾಡ ಬಿಟ್ಟರೆ ನಮಗೆ ಬೇರೆ ಯಾವ ದೇವರುಂಟು?" ಶೆಟ್ಟರು ಹಣೆ ಒತ್ತಿಕೊಂಡರು. ರಿತೇಶ ಅದನ್ನು ತಲೆನೋವು ಎಂದುಕೊಂಡ.

ಗುರುವಾರದವರೆಗೆ ಅವನು ನಿಂತಲ್ಲಿ ನಿಲ್ಲಲಿಲ್ಲ. ಟೋಕನ್ ಬೋರ್ಡಿನ ವಿಷಯ ಮೇಡಂಗೆ ತಿಳಿಯಬಾರದು. ಅವರನ್ನು ಯಾವ ಕುರ್ಚಿಯಲ್ಲಿ ಕೂರಿಸುವುದು? ಜನ ನಗದಿದ್ದರೆ? ಪುನೀತನಿಗೆ ಅಂದು ನೆಗಡಿಯಾದರೆ? ಅವನಿಗೇ ಫೋನ್ ಮಾಡಿ "ಸ್ವಾರ್ಗೇಟ್ ತರದ್ದು ಇನ್ನೂ ನಾಲ್ಕು ಹಾಕು" ಎಂದು ಹೇಳೋಣ ಎನಿಸಿತು. ಹೇಳಿದರೆ ಕೆಟ್ಟೀತು ಎಂದು ಬಿಟ್ಟ. ಪಂದ್ಯದ ದಿನಗಳಲ್ಲಿ ಟಿವಿ ಹಾಕಿ ಒಮ್ಮೆ ಕೇಳೋಣ ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅವನ ಕೆಲಸ ಕೇಳುವವರನ್ನು ಎಣಿಸುವುದು, ಕೇಳುವುದಲ್ಲ.

ಗುರುವಾರ ನೀರಜಾ ಬಂದರು. ರಿತೇಶ ಅವರನ್ನು ಟಿವಿಗೆ ಎದುರಾಗಿಯೇ ಕೂರಿಸಿ, ಟೋಕನ್ ಬೋರ್ಡು ಕಾಣದ ಹಾಗೆ ಮೆನು ಕಾರ್ಡನ್ನು ಅವರ ಮುಂದೆ ಎತ್ತಿ ಹಿಡಿದ. "ನನ್ ಮುಖಕ್ಕೆ ಯಾಕೆ ಹಿಡೀತೀರಾ?" ಎಂದು ಅವರು ತಳ್ಳಿದರು. ಅಷ್ಟರಲ್ಲಿ ದನಿ ಶುರುವಾಯಿತು.

"ಬಂದರು ಬೌಲರ್! ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಓಡುವವರ ಹಾಗೆ ಬಂದರು. ಎಸೆದರು. ಬ್ಯಾಟ್ಸ್‌ಮನ್ ಮುಟ್ಟಲಿಲ್ಲ, ಚೆಂಡೂ ಮುಟ್ಟಿಸಿಕೊಳ್ಳಲಿಲ್ಲ, ಇಬ್ಬರಿಗೂ ಮಾತುಕತೆ ನಿಂತು ಬಹಳ ದಿನವಾದ ಹಾಗಿದೆ. ಎಡಗಡೆ ಮೂವರು ನಿಂತಿದ್ದಾರೆ, ಬಲಗಡೆ ಬಯಲು. ಹೊಡೆಯುವುದಾದರೆ ಅಲ್ಲೇ ಸ್ವಾಮಿ, ಅಲ್ಲೇ!"

ಮುಂದಿನ ಚೆಂಡು ಅಲ್ಲಿಗೇ ಹೋಯಿತು. ಹೋಟೆಲು ಎದ್ದು ಕುಣಿಯಿತು. ನೀರಜಾ ಕೂಡ ಮೇಜು ತಟ್ಟಿದರು. "ಇದು ನಮ್ ಪುನೀತಾ? ವಾವ್. ಇವರನ್ನ ಇಟ್ಕೊಂಡು ನಾವ್ಯಾಕೆ ಸೋಲ್ತಾ ಇದೀವಿ?"

"ಅದೇ ಮೇಡಂ, ಅದೇ ನಾನು ಹೇಳುದು!" ರಿತೇಶನ ಕಣ್ಣು ತುಂಬಿ ಬಂತು. ಕನ್ನಡ ಉಳಿಯಿತು, ತಂಡ ಉಳಿಯಿತು, ತಾನೂ ಉಳಿದೆ.

ಆಗ ಕರೆಂಟು ಹೋಯಿತು.

ಪುಣೆಯಲ್ಲಿ ಗುರುವಾರ ಎಂದರೆ ಲೈನ್ ರಿಪೇರಿಯ ದಿನ, ಎಲ್ಲರಿಗೂ ಗೊತ್ತಿದ್ದದ್ದೇ. ಭುಜಂಗ ಶೆಟ್ಟರು ಇನ್ವರ್ಟರಿಗೆ ಟೋಕನ್ ಬೋರ್ಡು, ಮೈಕು, ಸ್ಪೀಕರು ಮತ್ತು ಎರಡು ಫ್ಯಾನು ಮಾತ್ರ ಜೋಡಿಸಿದ್ದರು. ಟಿವಿ ಕಪ್ಪಾಯಿತು.

ದನಿ ನಿಲ್ಲಲಿಲ್ಲ.

"ಎತ್ತರಕ್ಕೆ ಹೋದ ಚೆಂಡು! ಕೆಳಗೆ ಇಬ್ಬರು, ನೀನು ಹಿಡಿ, ನೀನು ಹಿಡಿ ಎಂಬ ಮರ್ಯಾದೆ. ಮರ್ಯಾದೆಯಲ್ಲಿ ಚೆಂಡು ನೆಲಕ್ಕೆ! ಓಡಿ, ಓಡಿ, ಇನ್ನೂ ಒಂದು!"

ಜನ ಚಪ್ಪಾಳೆ ತಟ್ಟಿದರು. ಕಪ್ಪು ಟಿವಿಯ ಎದುರು ಕೂತು ಒಬ್ಬನಾದರೂ "ಅಯ್ಯೋ ಟಿವಿ ಹೋಯ್ತು" ಎನ್ನಲಿಲ್ಲ.

ರಿತೇಶ ನಿಧಾನಕ್ಕೆ ತಿರುಗಿದ. ಕೌಂಟರಿನಲ್ಲಿ ಅಶ್ವಿತ್ ಮೈಕನ್ನು ತುಟಿಗೆ ಅಂಟಿಸಿಕೊಂಡು, ಮೂಗು ಅರಳಿಸಿ, ಪುನೀತನೇ ಮೈಮೇಲೆ ಬಂದವನಂತೆ ನಿಂತಿದ್ದ. ಅವನ ಮುಂದೆ ಅವ್ವಣ್ಣ ತನ್ನ ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಅದರಲ್ಲಿ ಬೇರೆ ಯಾವುದೋ ಕಂಪನಿಯ ಆ್ಯಪಿನಲ್ಲಿ ಅದೇ ಪಂದ್ಯ ಓಡುತ್ತಿತ್ತು.

"ನಾನು ಅವತ್ತೇ ಹೇಳ್ಲಿಕ್ಕೆ ಹೊರಟದ್ದು," ಎಂದರು ಶೆಟ್ಟರು, ಯಾರ ಮುಖವನ್ನೂ ನೋಡದೆ. "ಟಿವಿಯ ಸೌಂಡ್ ಬಂದ್ ಮಾಡಿ ಇವನು ಮಾತಾಡ್ಲಿಕ್ಕೆ ಶುರು ಮಾಡಿ ವರ್ಷ ಕಳೀತು. ನೀನು ಅದನ್ನೇ ಚಾನೆಲ್ ಅಂದ್ಕೊಂಡೆ ಅಂತ ಇವನಿಗೆ ಕುಶಾಲು."

ಕರೆಂಟು ಮರಳಿತು. ನೀರಜಾ ಕೌಂಟರಿನ ಕಡೆ ಕೈ ಮಾಡಿದರು. "ನಿಜವಾದ ಸೌಂಡ್ ಹಾಕಿ."

ಅಶ್ವಿತ್ ರಿಮೋಟು ಒತ್ತಿದ. ಅಸಲಿ ಪುನೀತನ ದನಿ ಬಂತು. ಜೊತೆಗೆ ಮೂವರು ತಜ್ಞರು. ಬೆಳಗ್ಗೆ ತಾವು ಉಳಿದ ಹೋಟೆಲಿನ ಆಮ್ಲೆಟ್ ಎಷ್ಟು ಮೆತ್ತಗಿತ್ತು ಎಂಬ ವಿಷಯ ನಡೆದಿತ್ತು. ಒಬ್ಬ ನಕ್ಕ, ನಾಲ್ವರೂ ನಕ್ಕರು. ತೆರೆಯ ಮೇಲೆ ಒಂದು ಸ್ಟಂಪು ಹಾರಿತು. "ಅಬ್ಬಬ್ಬಾ, ಈ ವಿಕೆಟ್ಟನ್ನು ನಿಮಗೆ ಅರ್ಪಿಸುತ್ತಿರುವವರು," ಎಂದ ಪುನೀತ, ಸಿಮೆಂಟಿನ ಜಾಹೀರಾತು ಬಂತು. ಔಟಾದವನು ಯಾರು ಎಂದು ಯಾರೂ ಹೇಳಲಿಲ್ಲ. ಹೋಟೆಲಿನ ತಲೆಗಳು ಒಂದೊಂದಾಗಿ ತಟ್ಟೆಗೆ ಇಳಿದವು. ಆಚೆ ಮೂಲೆಯವನು ಕಿವಿಗೆ ಇಯರ್‌ಫೋನ್ ತುರುಕಿಕೊಂಡ.

"ಅದನ್ನ ಬಂದ್ ಮಾಡ್ರೀ ಅಶ್ವಿತಣ್ಣ," ಎಂದ ಅವ್ವಣ್ಣ. "ದಿನಾ ಸಿಮೆಂಟ್ ಹೊತ್ತು ಬರ್ತೀವಿ, ಇಲ್ಲೂ ಅದನ್ನ ಹೊರಸ್ತಾರ. ಭಾಳ ತ್ರಾಸ ರೀ. ನೀವಽ ಹೇಳ್ರಿ."

ನೀರಜಾ ರಿತೇಶನ ಕಡೆ ತಿರುಗಿದರು. "ನಮ್ ಕಾಮೆಂಟರೀನ ನೀವು ಕೊನೇ ಸಲ ಕೇಳಿದ್ದು ಯಾವಾಗ?"

"ಮೇಡಂ, ನಾನು ನಂಬರ್ ನೋಡ್ತೇನೆ..."

"ಕೇಳಿದ್ದು?"

ರಿತೇಶ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಮನೆಯಲ್ಲಿ ಅವನೂ ಪಂದ್ಯವನ್ನು ಮೊಬೈಲಿನಲ್ಲೇ, ದನಿ ಅಡಗಿಸಿ ನೋಡುವವನು.

"ನಾನೂ ಕೇಳಿಲ್ಲ," ಎಂದರು ನೀರಜಾ. ಅವರಿಗೇ ಅದು ಆ ಕ್ಷಣ ತಿಳಿದ ಹಾಗಿತ್ತು. "ಆಫೀಸಲ್ಲಿ ಅಷ್ಟೊಂದು ಟಿವಿ ಇದೆ. ಎಲ್ಲಾ ಮ್ಯೂಟು." ಪರ್ಸು ಎತ್ತಿಕೊಂಡರು. "ಜಾಗ ತೋರಿಸಿ ಅಂದೆ, ತೋರಿಸಿದ್ರಿ. ಜನ ಕೇಳ್ತಾರೆ. ನಮ್ಮನ್ನಲ್ಲ, ಅಷ್ಟೇ. ಕ್ಲೋಸ್ ಮಾಡ್ತಿದೀನಿ ರಿತೇಶ್, ಸಾರಿ."

ಹೋಟೆಲು ತೆಪ್ಪಗಾಯಿತು. ಅಶ್ವಿತನ ಮುಖ ಸಪ್ಪಗಾಗಿತ್ತು. ತಮಾಷೆ ಇಷ್ಟು ದೂರ ಹೋದೀತೆಂದು ಅವನೂ ಎಣಿಸಿರಲಿಲ್ಲ. ಆದರೆ ಮಿಮಿಕ್ರಿಯವರಿಗೆ ಒಂದು ಕಾಯಿಲೆ: ಎದುರು ಮೌನ ಸಿಕ್ಕರೆ ಬಾಯಿ ತುರಿಸುತ್ತದೆ. ಕೈ ತಾನಾಗಿಯೇ ಮೈಕಿಗೆ ಹೋಯಿತು. ಈ ಸಲ ಬಂದದ್ದು ಪುನೀತನ ದನಿಯಲ್ಲ. ತುಸು ಉಸಿರು ಕಟ್ಟಿದ, ಮಾತಿನ ಕೊನೆಯನ್ನು ಮೇಲಕ್ಕೆ ಎಳೆಯುವ, ಗಡಿಬಿಡಿಯ ದನಿ.

"ನಮಸ್ಕಾರ, ನಾನು ಅಖಾಡದ ರಿತೇಶ. ಮೇಡಂ, ದಯವಿಟ್ಟು ಗಮನಿಸಿ, ಮೂಲೆಯಲ್ಲಿ ಒಬ್ಬರಿಗೆ ಆಕಳಿಕೆ ಬಂತು. ಬಾಯಿ ಪೂರ್ತಿ ತೆರೆದಿದ್ದಾರೆ. ಎಂಗೇಜ್‌ಮೆಂಟ್ ಭಾರೀ ಉಂಟು!"

ಯಾರೂ ನಗಲಿಲ್ಲ. ಎಲ್ಲರೂ ರಿತೇಶನ ಮುಖ ನೋಡಿದರು. ಶೆಟ್ಟರು "ಥೂ, ಸಾಕು ಮಾಡು ನೀನು" ಎಂದು ಗದರಿದರು.

ರಿತೇಶನ ಭುಜ ಮೊದಲು ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡು ಅವ್ವಣ್ಣ ನೀರಿನ ಲೋಟ ಮುಂದೆ ತಳ್ಳಿದ. ಆಮೇಲೆ ಹೊಟ್ಟೆಯಿಂದ ಒಂದು ಸದ್ದು ಹೊರಟಿತು, ಆಮೇಲೆ ಇನ್ನೊಂದು. ಅದು ತನ್ನದೇ ದನಿ, ಹಾಗೇ ಇದೆ, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ! ಇಷ್ಟು ವರ್ಷ ತಾನು ಸಭೆಗಳಲ್ಲಿ ಹೀಗೆಯೇ ಮಾತಾಡುತ್ತಿದ್ದೆನೇ? ಜನ ಹೇಗೆ ತಡೆದುಕೊಂಡರು? ಅವನು ಮೇಜು ಬಡಿದು ನಕ್ಕ, ಕೆಮ್ಮಿ ನಕ್ಕ. "ಇನ್ನೊಮ್ಮೆ ಮಾಡು ಮಾರಾಯ, ಆಕಳಿಕೆದ್ದು!" ಎಂದು ಕಣ್ಣೊರೆಸಿಕೊಂಡ. ಅಶ್ವಿತ್ ಮಾಡಿದ. ಈಗ ಅವ್ವಣ್ಣ ನಕ್ಕ, ಶೆಟ್ಟರು ನಕ್ಕರು, ಬಾಗಿಲ ತನಕ ಹೋಗಿದ್ದ ನೀರಜಾ ಚೌಕಟ್ಟು ಹಿಡಿದು ನಕ್ಕರು. ಎಲ್ಲರ ನಗುವಿನ ಮೇಲೆ ರಿತೇಶನ ನಗು ಏರಿ ಗಲ್ಲಿಗೆ ಹರಿಯಿತು.

ಬಸ್ಸಿಗೆ ಓಡುತ್ತಿದ್ದ ಇಬ್ಬರು ಒಳಗೆ ಇಣುಕಿದರು. ಭಾರತ ಗೆದ್ದೇ ಬಿಟ್ಟಿರಬೇಕು ಎಂದುಕೊಂಡು, "ಕಾಯ್ ಝಾಲಂ ಭಾವು? ಸ್ಕೋರ್ ಕಿತಿ?" ಎಂದು, ಅಂದರೆ ಏನಾಯ್ತಣ್ಣ, ಸ್ಕೋರ್ ಎಷ್ಟು ಎಂದು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನನ್ನೇ ಮರಾಠಿಯಲ್ಲಿ ಕೇಳಿದರು.

ರಿತೇಶ ತನಗೆ ಗೊತ್ತಿಲ್ಲ ಎಂದು ಕೈಯಾಡಿಸಿದ. ಬಾಯಿಂದ ಮಾತು ಹೊರಡಲಿಲ್ಲ, ನಗು ಬಿಡುತ್ತಿರಲಿಲ್ಲ.