ಬೂದಿ ಹಾಕಿದ ಸಾಲು

ಮುನಿಶಾಮಮ್ಮನ ಅವರೆ ಹೂವಿಗೆ ಬಂದಿತ್ತು. ಹೂವಿನ ಬೆನ್ನಿಗೇ ಹಸಿರು ಹುಳವೂ ಬಂದಿತ್ತು. ಹೀಗೇ ಬಿಟ್ಟರೆ ಈ ಸಲ ಬಂಗಾರಪೇಟೆ ಸಂತೆಗೆ ಒಯ್ಯುವುದು ಕಾಯಲ್ಲ, ಬರೀ ತೂತು.

ಅದಕ್ಕೆ ಮದ್ದು ಏನೆಂದು ಕೃಷಿ ಕಾಲೇಜಿನ ಲಿಖಿತಳಿಗೆ ಗೊತ್ತಿತ್ತು. ಹೋದ ವರ್ಷ ಇದೇ ಹೊಲದಲ್ಲಿ ಒಂದು ಸಾಲಿಗೆ ಔಷಧಿ, ಒಂದಕ್ಕೆ ಬೂದಿ, ಒಂದರಲ್ಲಿ ಗಿಡ ಅಲ್ಲಾಡಿಸುವುದು, ಒಂದಕ್ಕೆ ಏನೂ ಇಲ್ಲ ಎಂದು ಪರೀಕ್ಷೆ ಮಾಡಿದ ಹುಡುಗಿ ಅವಳು. ಊರಿನ ಹೆಂಗಸರೆಲ್ಲ ಅವಳ ಜೊತೆ ಬಗ್ಗಿ ಹುಳ ಎಣಿಸಿದ್ದರು. ಕೂಲಿ ಕೊಡಲು ಬಂದಾಗ ಮುನಿಶಾಮಮ್ಮ ಬೇಡವೆಂದಿದ್ದಳು. “ಮುಯ್ಯಾಳು ಕಣಮ್ಮ ಇದು. ಇವತ್ತು ನಿನ್ ಕೆಲ್ಸಕ್ಕೆ ನಾವು, ನಾಳೆ ನಮ್ ಕೆಲ್ಸಕ್ಕೆ ನೀನು.”

ಆ ಪರೀಕ್ಷೆಯ ಬರಹ ಈಗ ಯಾವುದೋ ದೊಡ್ಡ ವಿದೇಶಿ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುವ ತಂಗಿಯ ಮಗ ಚಿರಂಜೀವಿ ಅದನ್ನು ಫೋನಿನಲ್ಲಿ ಹುಡುಕಿದ.

“ಸಿಕ್ತು ದೊಡ್ಡಮ್ಮ. ಆದ್ರೆ ಮೇಲಿನ ನಾಕು ಸಾಲು ತೋರ್ಸಿ ಬೀಗ ಆಕವ್ರೆ. ಮಿಕ್ಕಿದ್ದಕ್ಕೆ ಡಾಲರ್ ಕಟ್ಬೇಕಂತೆ.”

“ಒಲ ನಮ್ದು, ಉಳ ನಮ್ದು. ಬೀಗ ಯಾರ್ದುಲಾ?”

“ಪತ್ರಿಕೆಯೋರ್ದು.”

“ಅವ್ರು ಯಾವತ್ತು ಬಂದು ಉಳ ಎಣಿಸವ್ರೆ? ಆ ಉಡುಗಿಗೆ ಫೋನ್ ಮಾಡ್ಲಾ.”

ಲಿಖಿತ ಫೋನೆತ್ತಿದಳು. ವಿಷಯ ಕೇಳಿ ತಡವರಿಸಿದಳು. “ನಾನು ಬರೆದ ಪ್ರತೀನ ಕಾಲೇಜಿನ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಹಾಕ್ಬಹುದು ಅಜ್ಜಿ, ಆ ಹಕ್ಕು ನನಗಿದೆ. ಆದ್ರೆ... ನಿಮ್ಮೊಬ್ರಿಗೇ ಕಳಿಸ್ತೀನಿ, ಸಾಕಲ್ಲ?”

“ಮುಯ್ಯಾಳಿಗೆ ನಾನೊಬ್ಳೇ ಬಂದಿದ್ನಾ? ಎಲ್ರಿಗೂ ಬೀಗ ಬಿಚ್ಚು.”

“ಅದು... ಬೂದಿ ಅಜ್ಜಿ. ಬೂದಿ ಹಾಕಿದ ಸಾಲಿಗೂ ಏನೂ ಹಾಕದ ಸಾಲಿಗೂ ಏನೂ ವ್ಯತ್ಯಾಸ ಕಾಣ್ಲಿಲ್ಲ. ಊರೋರು ನಿಮ್ಮನ್ನ ನೋಡಿ ನಗ್ತಾರೇನೋ ಅಂತ...”

ಮುನಿಶಾಮಮ್ಮ ತನ್ನ ಕೈ ನೋಡಿಕೊಂಡಳು. ಸೊಸೆಯಾಗಿ ಬಂದ ದಿನದಿಂದ ಬೂದಿ ಎರಚಿದ ಕೈ ಅದು. ಊರಿಗೆಲ್ಲ ಬೂದಿ ಪಾಠ ಹೇಳಿದವಳೂ ಅವಳೇ. ಕೂತು ಯೋಚಿಸಿದರೆ, ಬೆಳೆ ಚೆನ್ನಾಗಿ ಬಂದ ವರ್ಷ ಬೂದಿಯನ್ನು ಹೊಗಳಿದ್ದಳು, ಕೆಟ್ಟ ವರ್ಷ ಮಂಜನ್ನು ಬೈದಿದ್ದಳು.

“ಮತ್ತೆ ಕಾಯಿ ಉಳ್ಸಿದ್ದು ಯಾವ್ದಮ್ಮ?”

“ಕೆಳಗೆ ಸೀರೆ ಹಾಸಿ, ಗಿಡ ಅಲ್ಲಾಡಿಸಿ ಹುಳ ಉದುರಿಸಿದ ಸಾಲು. ಔಷಧಿ ಹೊಡೆದಿದ್ದಕ್ಕೆ ಸರಿಸಮ ಬಂತು.”

“ಅಂಗಾದ್ರೆ ಬಿಚ್ಚು. ಬೂದಿನೂ ಸೇರ್ಸಿ ಬಿಚ್ಚು. ಕನ್ನಡದಾಗೂ ಬರಿ.”

ಎರಡೇ ದಿನಕ್ಕೆ ಕನ್ನಡದ ಬರಹ ಬಂತು. ಯಾರು ಬೇಕಾದರೂ ಓದಿ, ನಕಲು ಮಾಡಿ, ತಮ್ಮ ಭಾಷೆಗೆ ತಿರುಗಿಸಿಕೊಳ್ಳಿ, ಎಲ್ಲಿಂದ ಬಂತೆಂದು ಮಾತ್ರ ಹೇಳಿ ಎಂದು ಕೆಳಗೆ ಬರೆದಿತ್ತು. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆ ಚಿರಂಜೀವಿ ಓದಿ ಹೇಳಿದ. ಬೂದಿಯ ಸಾಲು ಬಂದಾಗ ದೊಡ್ಡಮ್ಮನ ಮುಖ ನೋಡಿ ಕೆಮ್ಮಿದ.

“ನುಂಗ್ಬೇಡ್ಲಾ, ಓದು.”

ಓದಿದ. ಪಕ್ಕದ ಮನೆಯ ಪುಷ್ಪ ಹಣೆ ಚಚ್ಚಿಕೊಂಡಳು. “ಅಯ್ಯೋ ಅತ್ತೆ! ನಿನ್ ಮಾತ್ ಕೇಳಿ ಪಾತ್ರೆ ತಿಕ್ಕಕ್ಕೂ ಬೂದಿ ಇಲ್ದಂಗೆ ಒಲಕ್ಕೆ ಸುರಿದ್ನಲ್ಲೇ!”

ಡೈರಿಯೆಲ್ಲ ಗೊಳ್ಳೆಂದಿತು. ಮುನಿಶಾಮಮ್ಮನ ಕಿವಿ ಬಿಸಿಯಾದವು. ಆಮೇಲೆ ಅವಳಿಗೂ ನಗು ತಡೆಯಲಿಲ್ಲ. “ಈಗ ಓಗಿ ತಿಕ್ಕೇ, ಯಾರ್ ಬ್ಯಾಡ ಅಂದೋರು? ತಿಕ್ಕಿಬಿಟ್ಟು ಒಂದು ಅಳೇ ಸೀರೆ ತಗಂಡು ಒಲಕ್ಕೆ ಬಾ.”

ಗಡಿಯಾಚೆ ನಂಟರಿರುವ ಗಂಗರತ್ನಮ್ಮ ಬರಹ ತೆಲುಗಿನಲ್ಲೂ ಬೇಕೆಂದಳು. ಚಿರಂಜೀವಿ ನಿಂತಲ್ಲೇ ತೆಲುಗಿನಲ್ಲೊಮ್ಮೆ, ತಮಿಳಿನಲ್ಲೊಮ್ಮೆ ಫೋನಿಗೆ ಹೇಳಿ ಎಲ್ಲರಿಗೂ ಕಳಿಸಿದ. ಲಿಖಿತಳ ಹೆಸರು ಹೇಳುವುದನ್ನು ಮರೆಯಲಿಲ್ಲ.

ಸಂಜೆ ಮುನಿಶಾಮಮ್ಮನ ಹೊಲದಲ್ಲಿ ಸಾಲಿಗೊಂದು ಸೀರೆ ಹಾಸಿತ್ತು. ಗಿಡ ಅಲ್ಲಾಡಿಸಿದರೆ ಹುಳ ಪಟಪಟನೆ ಬಿತ್ತು. ಹುರುಪಿಗೆ ಬಿದ್ದ ಪುಷ್ಪಳ ಸೀರೆಯಲ್ಲಿ ಹುಳಕ್ಕಿಂತ ಹೂವೇ ಹೆಚ್ಚು.

“ಮೆಲ್ಲಗೆ ಕಣೇ, ಗಿಡ ಅದು, ನಿನ್ ಗಂಡ ಅಲ್ಲ!” ಎಂದು ಮುನಿಶಾಮಮ್ಮ ಕೂಗಿದಳು.

ಚಿರಂಜೀವಿ ಮತ್ತೆ ಫೋನು ತೆಗೆದು, ಮೆಲ್ಲಗೆ ಅಲ್ಲಾಡಿಸಬೇಕು ಎಂಬುದನ್ನು ಮೂರು ಭಾಷೆಯಲ್ಲೂ ಸೇರಿಸಿದ. ಅಷ್ಟರಲ್ಲಿ ಊರಿನ ಕೋಳಿಗಳಿಗೂ ಸುದ್ದಿ ಮುಟ್ಟಿತ್ತು.