ಹಸಿ ಗಾರೆ

"ಬೆಣೆ ಹೊಡೆದು ತೆಗೀರಿ ಸಾಬ್ರೆ. ನಾಳೆ ಇಂಜಿನಿಯರ್ ಬರೋ ಹೊತ್ಗೆ ಒಂದು ಮರದ ತುಂಡೂ ಕಾಣಬಾರ್ದು," ಎಂದರು ಕಂಟ್ರಾಕ್ಟರ್ ಸಿದ್ದಮಲ್ಲಪ್ಪ, ಕಮಾನಿಗೆ ಆಸರೆಯಾಗಿದ್ದ ಮರದ ಅಟ್ಟಣೆಯತ್ತ ಕೊಡೆ ಚಾಚಿ.

ಲತೀಫ್ ಮೇಸ್ತ್ರಿ ಕಲ್ಲುಗಳ ಸಂದಿಗೆ ಹೆಬ್ಬೆರಳು ಒತ್ತಿದ. ಉಗುರು ಒಳಗಿಳಿಯಿತು. ಗಾರೆ ಇನ್ನೂ ಹಸಿ. ಎನ್. ಬೇಗೂರಿನ ದಾರಿಯ ಈ ಹಳ್ಳಕ್ಕೆ ಸೇತುವೆ ಕಟ್ಟುವ ಗುತ್ತಿಗೆ ಸಿದ್ದಮಲ್ಲಪ್ಪನವರದು. ಕಮಾನಿನ ಕೆಲಸವನ್ನಷ್ಟೇ ಹುಣಸೂರಿನ ಲತೀಫ್ ಒಳಗುತ್ತಿಗೆ ಹಿಡಿದಿದ್ದ.

"ಸುಣ್ಣ ಬಂದಿದ್ದೇ ತಡವಾಗಿ, ಸಾಹುಕಾರ್ರೆ. ಕಳಿಸಬೇಕಾದೋರು ನೀವು. ಗಾಡಿಗಳ್ನೆಲ್ಲ ನಿಮ್ಮ ಭೇರ್ಯದ ಛತ್ರದ ಕೆಲಸಕ್ಕೆ ಓಡಿಸಿಬಿಟ್ರಿ."

"ಕರಾರಲ್ಲಿ ಸುಣ್ಣದ ಮಾತಿಲ್ಲ. ಕಮಾನು ತಡವಾದ್ರೆ ಮಹಾರಾಜರ ಸರ್ಕಾರ ಹಾಕೋ ದಂಡ ಮೇಸ್ತ್ರಿ ತಲೆ ಮೇಲೆ. ನೀವೇ ಒಪ್ಪಿ ರುಜು ಹಾಕಿದೀರಿ. ಮನೆ ಜಾಮೀನಿಗೆ ಬರೆದುಕೊಟ್ಟಿರೋದು ನೆನಪಿದೆ ತಾನೆ?"

ನೆನಪಿತ್ತು. ಹೆರಿಗೆಗೆಂದು ಬಂದ ಮಗಳು ಜಮೀಲುನ್ನೀಸಾ ಈಗ ಮಲಗಿದ್ದುದು ಅದೇ ಮನೆಯಲ್ಲಿ.

"ಇನ್ನೊಂದು ತಿಂಗಳು ಬಿಡಿ. ಗಾರೆ ಹಿಡ್ಕೊಳ್ಳಲಿ."

"ನೀವು ಹೊಡೀದಿದ್ರೆ ನಿಮ್ಮ ಆಳುಗಳೇ ಹೊಡೀತಾರೆ." ಸಿದ್ದಮಲ್ಲಪ್ಪ ಕಲ್ಲುಕುಟಿಗ ಜವರಯ್ಯನ ಕಡೆ ನೋಡಿದರು. ಸುತ್ತಿಗೆ ಹಿಡಿದಿದ್ದ ಜವರಯ್ಯ ತಲೆ ತಗ್ಗಿಸಿದ.

"ಏನ್ ಮಾಡನ ಸಾಬ್ರೆ? ಕೂಲಿ ಅವ್ರ ಕೈಲದೆ. ನಾನ್ ಒಲ್ಲೆ ಅಂದ್ರೆ ಇನ್ನೊಬ್ಬ ಬತ್ತಾನೆ ಕಣ್ರೀ."

ಲತೀಫ್ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡ. "ಎಲ್ರೂ ದಡ ಹತ್ತಿ. ಕೆಳಗೆ ಒಬ್ರೂ ಇರಬೇಡಿ."

ಒಬ್ಬನೇ ಕೆಳಗಿಳಿದು ಬೆಣೆಗಳನ್ನು ಒಂದೊಂದಾಗಿ ಹೊಡೆದು ಕಳಚಿದ. ಕೊನೆಯದು ಸಡಿಲವಾದಾಗ ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಕಲ್ಲಿನ ಒಡಲೊಳಗೊಂದು ಸದ್ದು. ಹಸಿ ಸುಣ್ಣ ತಲೆಯ ಮೇಲೆ ಉದುರಿತು. ಅವನು ಕಣ್ಣು ಮುಚ್ಚಿಕೊಂಡ.

"ನಿಂತ್ಕತು ಕಣ್ರೀ ಸಾಬ್ರೆ, ನಿಂತ್ಕತು!" ದಡದಿಂದ ಜವರಯ್ಯ ಕೂಗಿದ.

ಕಮಾನು ನಿಂತಿತ್ತು. ನೆತ್ತಿಯ ನಡುಗಲ್ಲಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದು ಮಾತ್ರ ದಡದಲ್ಲಿದ್ದವರಿಗೆ ಕಾಣಲಿಲ್ಲ.

ಮರುದಿನ ಇಂಜಿನಿಯರು ಕುದುರೆಯ ಮೇಲೆ ಸೇತುವೆ ದಾಟಿ ಹಿಂತಿರುಗಿ, ತಲೆದೂಗಿದರು. ಲತೀಫ್ ಮುಂದೆ ಬಂದ. "ಸ್ವಾಮಿ, ಗಾಡಿ ಬಿಡೋಕೆ ಇನ್ನೂ ಸ್ವಲ್ಪ ದಿನ..."

ಸಿದ್ದಮಲ್ಲಪ್ಪನವರ ಕೈ ಅವನ ಹೆಗಲ ಮೇಲೆ ಬಂತು. "ಹೇಳಿ ಸಾಬ್ರೆ. ಕೆಲಸದಲ್ಲಿ ಏನಾದ್ರೂ ಊನ ಬಿಟ್ಟಿದೀರಾ? ಸಾಹೇಬ್ರೂ ಕೇಳಿಸ್ಕೊಳ್ಳಲಿ." ದನಿ ಬೆಣ್ಣೆಯಷ್ಟು ಮೃದುವಾಗಿತ್ತು.

ಲತೀಫ್ ಒಂದು ಹೆಜ್ಜೆ ಹಿಂದೆ ಸರಿದ. "ಏನೂ ಇಲ್ಲ ಸ್ವಾಮಿ," ಎಂದ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹೊರಟುಹೋದರು. ಲತೀಫ್ ಹೋಗಲಾರದೆ ಉಳಿದ. ಮಲೆಯಾಳದ ಕಡೆಯ ಕಾಡಿನ ಮೇಲೆ ಮೋಡ ಕಪ್ಪುಗಟ್ಟಿತ್ತು, ಹಳ್ಳದಲ್ಲಿ ಕೆನ್ನೀರು ಮೊರೆಯುತ್ತ ಏರುತ್ತಿತ್ತು. ಕಮಾನಿನಡಿಗೆ ಬಗ್ಗಿ ನೋಡಿದ. ಬಿರುಕು ಈಗ ಬೆರಳು ತೂರುವಷ್ಟಾಗಿತ್ತು.

ಆಚೆ ದಡದ ತಿರುವಿನಲ್ಲಿ ಎತ್ತಿನ ಗಾಡಿಯೊಂದು ಕಾಣಿಸಿಕೊಂಡಿತು. ಸಂತೆಗೆ ಹೊರಟ ಹೆಂಗಸರು, ಮಕ್ಕಳು, ರಾಗಿಯ ಮೂಟೆಗಳು. ಲತೀಫ್ ಓಡಿ ರಸ್ತೆಗೆ ಹತ್ತಿ, ಕೈಯೆತ್ತಿ ಬೀಸಿದ. "ಬರಬೇಡಿ! ನಿಲ್ಲಿಸಿ!" ಎಂದು ಅರಚಿದ. ನೀರಿನ ಮೊರೆತದಲ್ಲಿ ಆ ಕೂಗು ಅವನಿಗೇ ಕೇಳಿಸಲಿಲ್ಲ.

ಸೇತುವೆ ಕಟ್ಟಿದ ಮೇಸ್ತ್ರಿ ತಮ್ಮನ್ನು ಕರೆಯುತ್ತಿದ್ದಾನೆಂದುಕೊಂಡ ಗಾಡಿಯವನು ನಗುತ್ತ ತಾನೂ ಕೈಯೆತ್ತಿ, ಎತ್ತುಗಳ ಬೆನ್ನು ಚಪ್ಪರಿಸಿ ಸೇತುವೆಯ ಕಡೆಗೆ ಹೊಡೆದ. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು ಮೊಮ್ಮಗುವಿನ ಕೈ ಹಿಡಿದು ಲತೀಫನತ್ತ ಬೀಸಿದಳು.