ವ್ಯಾನು ಮಾರುವ ಮುನ್ನ

ಊರಿಗೆಲ್ಲ ರೋಗ ಹಬ್ಬಿ ಶಾಲೆಗಳು ಮುಚ್ಚಿದ ಮೇಲೆ, ಮಕ್ಕಳನ್ನು ಕರೆದೊಯ್ಯುತ್ತಿದ್ದ ಒಬ್ಬ ವ್ಯಾನ್ ಡ್ರೈವರನಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ವ್ಯಾನು ಮನೆ ಮುಂದೆ ನಿಂತಲ್ಲೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ವ್ಯಾನಿನ ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ನರ್ಸಮ್ಮ ಬಂದರು.

"ಅಣ್ಣಾ, ಕೆಲಸ ನಿಂತವರ ಕಂತು ಮುಂದೂಡೋಕೆ ಸರ್ಕಾರ ಬ್ಯಾಂಕುಗಳಿಗೆ ಹೇಳಿದೆ. ಡ್ರೈವರುಗಳಿಗೆ ಪರಿಹಾರಾನೂ ಇದೆ. ಹೋಗಿ ಒಂದು ಮಾತು ಕೇಳಿ."

"ಬಿಡಮ್ಮ, ಟೀವೀಲಿ ದಿನಾ ಕೋಟಿ ಕೋಟಿ ಅಂತಾರೆ. ನಮ್ಮ ಬೀದಿಗೆ ಬರೋ ಹೊತ್ತಿಗೆ ಚಿಲ್ಲರೆಯೂ ಉಳಿದಿರಲ್ಲ," ಎಂದು ಅವನು ನಕ್ಕ.

ಹೆಂಡತಿ ನಗಲಿಲ್ಲ. "ಕೇಳೋಕೇನು ಕಾಸು ಕೊಡಬೇಕಾ? ಹೋಗಿ ಬನ್ನಿ."

"ಕೈಯೊಡ್ಡಿ ನಿಲ್ಲೋಕೆ ನನ್ನಿಂದಾಗಲ್ಲ."

"ಇದು ಭಿಕ್ಷೆ ಅಲ್ಲಣ್ಣ," ಎಂದರು ನರ್ಸಮ್ಮ. "ದುಡಿಯೋರ ಕೈ ಬರಿದಾದ್ರೆ ಅಂಗಡಿಯವನೂ ಮುಳುಗ್ತಾನೆ, ಕಾರ್ಖಾನೆಯೂ ಮುಚ್ಚುತ್ತೆ. ಅದಕ್ಕೇ ಸರ್ಕಾರ ಕೊಡೋದು."

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದ ಬೆಲೆಗೆ ವ್ಯಾನು ಮಾರಿ ಸಾಲ ತೀರಿಸಿದ. ಕೈಯಲ್ಲಿ ಏನೂ ಉಳಿಯಲಿಲ್ಲ. ಗೋದಾಮಿನಲ್ಲಿ ಮೂಟೆ ಹೊರಲು ಹೋಗಿ ಸೊಂಟ ಹಿಡಿದುಕೊಂಡಿತು. ಹೆಂಡತಿ ಮಗಳ ಹಾಲಿಗೆ ನೀರು ಬೆರೆಸುವುದನ್ನು ಕಂಡು ಮಲಗಿದ್ದಲ್ಲೇ ಗೋಡೆಯ ಕಡೆ ಹೊರಳಿದ.

ಕೊನೆಗೆ ನರ್ಸಮ್ಮನೇ ಗಂಡಹೆಂಡತಿಯನ್ನು ಸರ್ಕಾರಿ ಕಚೇರಿಗೆ ಕರೆದುಕೊಂಡು ಹೋದರು. ರೇಷನ್ ಸಿಕ್ಕಿತು. ಡ್ರೈವರುಗಳ ಪರಿಹಾರದ ಗಡುವು ಮುಗಿದುಹೋಗಿತ್ತು. ಕಂತು ಮುಂದೂಡಿಸೋಣವೆಂದರೆ ವ್ಯಾನೇ ಇರಲಿಲ್ಲ.

ಶಾಲೆ ತೆರೆದ ದಿನ ಅದೇ ವ್ಯಾನು ಬೀದಿಯಲ್ಲಿ ಬಂತು. ಓಡಿಸುತ್ತಿದ್ದವನು ಬೇರೆ ಯಾರೋ. ಕಿಟಕಿಯಿಂದ ಮಕ್ಕಳು "ಮಾಮಾ! ಮಾಮಾ!" ಎಂದು ಕೈಬೀಸಿದರು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅದೇ ವಾರ ಹೆಂಡತಿಯ ತಮ್ಮ ಬಂದ. "ಭಾವ, ಬಾಡಿಗೆಯೇ ಸಿಗ್ತಿಲ್ಲ, ಕಂತು ಕಟ್ಟೋಕಾಗ್ತಿಲ್ಲ. ಟೆಂಪೊ ಮಾರಿಬಿಡ್ತೀನಿ."

ಅವನು ಸೊಂಟ ಹಿಡಿದುಕೊಂಡೇ ಎದ್ದ. "ಮಾರಬೇಡ ಕಣೋ. ನಾನು ಹಾಳಾದದ್ದು ಸಾಕು. ಕಂತಿನ ಸವಲತ್ತು ಇನ್ನೂ ಇದೆಯಂತೆ, ನಡಿ ಬ್ಯಾಂಕಿಗೆ."

"ಅಲ್ಲಿ ಏನಂತ ಕೇಳೋದು?"

"ಕಂತು ಎಷ್ಟು ತಿಂಗಳು ಮುಂದೆ ಹೋಗುತ್ತೆ, ಅಷ್ಟರಲ್ಲಿ ಬಡ್ಡಿ ಎಷ್ಟು ಬೆಳೆಯುತ್ತೆ, ಎರಡನ್ನೂ ಕೇಳೋಣ. ನಾನೇ ಕೇಳ್ತೀನಿ."

ಬ್ಯಾಂಕಿನವರು ಕಂತು ಮುಂದೂಡಿದರು, ಬಾಮೈದನ ಟೆಂಪೊ ಉಳಿಯಿತು. ಭಾವ ಮಾತ್ರ ಆ ಸೊಂಟನೋವಿನಲ್ಲೇ ಈಗಲೂ ಮೂಟೆ ಹೊರುತ್ತಿದ್ದಾನೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಹೊಟ್ಟೆ ಹೊರೆಯುವ ಗಾಡಿಯನ್ನೋ ಯಂತ್ರವನ್ನೋ ಮಾರುವ ಮುನ್ನ ಒಮ್ಮೆ ಬ್ಯಾಂಕಿನಲ್ಲಿ, ಸರ್ಕಾರಿ ಕಚೇರಿಯಲ್ಲಿ ವಿಚಾರಿಸಿ. ಗಡುವು ಯಾವತ್ತು ಎಂದು ತಿಳಿದುಕೊಳ್ಳಿ. ಒಬ್ಬರೇ ಹೋಗಲು ಸಂಕೋಚವಾದರೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ. ನಾಳೆ ಎನ್ನಬೇಡಿ, ಇವತ್ತೇ ಹೋಗಿ.